ಸುಡದ ಪ್ಯಾಕಿಂಗ್

ದಾವಲ್ ಮೇಸ್ತ್ರಿಯ ಅಂಗಡಿಯೆದುರು ಲಾರಿಗಳು ಎಂಜಿನ್ ಚಾಲೂ ಇಟ್ಟುಕೊಂಡೇ ನಿಂತಿರುತ್ತಿದ್ದವು. ಒಳಗೆ ಡ್ರೈವರ್ ಇರುತ್ತಿರಲಿಲ್ಲ. ಬಾಗಿಲು ತೆರೆದಿರುತ್ತಿತ್ತು, ಸೀಟಿನ ಮೇಲೆ ಟವೆಲು ಬಿದ್ದಿರುತ್ತಿತ್ತು, ಕನ್ನಡಿಗೆ ಕಟ್ಟಿದ ನಿಂಬೆಹಣ್ಣು ಎಂಜಿನ್ನಿನ ನಡುಕಕ್ಕೆ ಸಣ್ಣಗೆ ಕುಣಿಯುತ್ತಿತ್ತು. ಹೊಸಬರು ಕಂಡರೆ ಯಾರೋ ಮರೆತು ಹೋಗಿದ್ದಾರೆ ಅಂದುಕೊಳ್ಳುತ್ತಿದ್ದರು. ಮರೆವಲ್ಲ ಅದು. ಘಟ್ಟ ಹತ್ತಿ ಬಂದ ಲಾರಿಯಲ್ಲಿ, ಎಂಜಿನ್ನಿಗೆ ಹೆಚ್ಚು ಗಾಳಿ ಊದುವ ಟರ್ಬೊ ಕೆಂಡದಂತೆ ಕಾದಿರುತ್ತದೆ. ಬಂದವರೇ ಎಂಜಿನ್ ನಿಲ್ಲಿಸಿದರೆ ಒಳಗಿನ ಎಣ್ಣೆ ಸುಟ್ಟು ಕರಿಕಟ್ಟಿ ಟರ್ಬೊ ಜಾಮಾಗುತ್ತದೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಅದು ಸುಮ್ಮನೆ ಓಡಬೇಕು. "ಮೊದ್ಲ ಅದರ ದಣಿವು ಇಳೀಲಿ, ಆಮ್ಯಾಲ ನಿಂದು" ಎಂದು ಮೇಸ್ತ್ರಿ ಡ್ರೈವರುಗಳನ್ನು ಎದುರಿನ ಚಹಾದಂಗಡಿಗೆ ಅಟ್ಟುತ್ತಿದ್ದರು.

ನಮ್ಮ ಊರು ಘಟ್ಟದ ತಲೆಯ ಮೇಲಿತ್ತು. ಆ ಕಾಲದ ಡೀಸೆಲ್ ಲಾರಿಗಳಿಗೆ ಟರ್ಬೊ ಎಂಬುದು ಹುಟ್ಟಿನಿಂದ ಬಂದದ್ದಲ್ಲ. ಹೇರು ತುಂಬಿಕೊಂಡು ಏರು ಹತ್ತುವಾಗ ಉಬ್ಬಸದವರಂತೆ ಏದುತ್ತಿದ್ದವು. ಗಂಡ ತೀರಿದ ಮೇಲೆ ಒಲೆ ಊದಿಕೊಂಡಿದ್ದ ಮೈದುನನ ಮನೆ ಬಿಟ್ಟು ನಾನು ಈ ಊರಿಗೆ ಬಂದದ್ದೂ ಅಂಥದೊಂದು ಲಾರಿಯಲ್ಲೇ. ಅದು ತಿಪ್ಪಣ್ಣನದು. ತಿರುವಿನಲ್ಲಿ ಅದು ಎಷ್ಟು ನಿಧಾನವಾಯಿತೆಂದರೆ ನಾನು ಇಳಿದು ನಡೆದೆ, ಮೇಲೆ ಹೋಗಿ ಕಲ್ಲಿನ ಮೇಲೆ ಕೂತು ಅದಕ್ಕಾಗಿ ಕಾದೆ. "ಅಕ್ಕಾರ, ನೀವು ನನ್ನ ಗಾಡೀ ಮಾನ ಕಳದ್ರಿ" ಎಂದ ತಿಪ್ಪಣ್ಣ ಆ ವಾರವೇ ಮೇಸ್ತ್ರಿಯ ಹತ್ತಿರ ಟರ್ಬೊ ಕೂರಿಸಲು ಗಾಡಿ ಬಿಟ್ಟ.

ಪಟ್ಟಣದಿಂದ ಮರದ ಪೆಟ್ಟಿಗೆಯಲ್ಲಿ ಟರ್ಬೊದ ಕಿಟ್ ಬರುತ್ತಿತ್ತು. ಹೊರಗೆ ಹೋಗುವ ಹೊಗೆಯ ರಭಸಕ್ಕೇ ಒಂದು ಸಣ್ಣ ಗಾಲಿ ತಿರುಗಿ, ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುವ ಯಂತ್ರ. ಕೊಳವೆಗೆ ಕೊಳವೆ ಸೇರುವಲ್ಲಿ ಪ್ಯಾಕಿಂಗ್ ಕೂರಬೇಕು. ಅದು ಬೂದು ಬಣ್ಣದ ಹಾಳೆಯಿಂದ ಕತ್ತರಿಸಿದ, ನಡುವೆ ತೂತಿರುವ ಬಿಲ್ಲೆ, ಹೊಗೆ ಸೋರದಂತೆ ತಡೆಯುವುದು. ಕಿಟ್ಟಿನ ಜೊತೆ ಬಂದ ಪ್ಯಾಕಿಂಗ್ ನಮ್ಮ ಹಳೆಯ ಗಾಡಿಗಳ ಸವೆದ ಬಾಯಿಗೆ ಹೊಂದುತ್ತಿರಲಿಲ್ಲ. ಪ್ರತಿ ಗಾಡಿಗೂ ಬೇರೆಯದನ್ನೇ ಕತ್ತರಿಸಬೇಕು. ಮೇಸ್ತ್ರಿಯ ಕಣ್ಣು ಆಗಲೇ ಮಂಜಾಗಿತ್ತು. ತಿಪ್ಪಣ್ಣನ ಗಾಡಿಗೆ ಅವರು ಎರಡು ಹಾಳೆ ಕೆಡಿಸಿದ್ದನ್ನು ನೋಡಿ, ಕೆಲಸ ಹುಡುಕುತ್ತ ಅಲ್ಲಿಗೆ ಬಂದಿದ್ದ ನಾನು, "ಕೊಡ್ರಿ ಇಲ್ಲೆ, ರವಿಕಿ ಕತ್ತರಿಸಿದ ಕೈ ಐತಿ" ಎಂದೆ. ಹಾಳೆಯನ್ನು ಕೊಳವೆಯ ಬಾಯಿಗೆ ಒತ್ತಿ ಹಿಡಿದು, ಅಂಚಿನುದ್ದಕ್ಕೂ ಗುಂಡುತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಕಬ್ಬಿಣವೇ ಹಾಳೆಯನ್ನು ಕತ್ತರಿಸಿಕೊಡುತ್ತದೆ. ಅವಸರ ಮಾಡಬಾರದು, ಅಷ್ಟೇ. ಅಂಗಡಿಯ ಹಿಂದಿನ ಕೋಣೆ ನನ್ನದಾಯಿತು. ದುಡಿದು ತಿನ್ನುವ ಅನ್ನ ಬೇರೆ ರುಚಿಯದು ಎಂದು ಗೊತ್ತಾದದ್ದು ಅಲ್ಲಿ.

ನನ್ನದೊಂದು ಕಟ್ಟಳೆಯಿತ್ತು. ಹಳೆಯ ಪ್ಯಾಕಿಂಗನ್ನು ತಂದು ಮುಂದಿಡದೆ ಹೊಸದನ್ನು ಕತ್ತರಿಸುತ್ತಿರಲಿಲ್ಲ. ಸೋರಿದ ಕಡೆ ತೂತಿನಿಂದ ಅಂಚಿನವರೆಗೆ ಕಪ್ಪು ಗೆರೆ ಬಿದ್ದಿರುತ್ತದೆ. ಹೊಗೆ ದಾರಿ ಮಾಡಿಕೊಂಡು ಹೋದ ಗುರುತು ಅದು. ಅದನ್ನು ನೋಡಿದರೆ ಎಲ್ಲಿ ಅಗಲ ಬಿಡಬೇಕೆಂದು ತಿಳಿಯುತ್ತದೆ.

ವರ್ಷಗಳು ಹೋದವು. ಟರ್ಬೊವನ್ನು ಹುಟ್ಟಿನಿಂದಲೇ ಹೊತ್ತುಕೊಂಡ ಹೊಸ ಲಾರಿಗಳು ರಸ್ತೆಗೆ ಬಂದವು. ಅವು ಘಟ್ಟ ಹತ್ತಿ, ನಮ್ಮ ಅಂಗಡಿಯ ಮುಂದೆ ಒಂದು ಹಾರ್ನ್ ಕೂಡ ಹಾಕದೆ ಹೋಗುತ್ತಿದ್ದವು. ಹಳೆಯ ಗಾಡಿಗಳು ಒಂದೊಂದಾಗಿ ಗುಜರಿಗೆ ಬಿದ್ದವು. ಪಟ್ಟಣದ ವ್ಯಾಪಾರಿ ಕಿಟ್ ತರಿಸುವುದನ್ನೇ ಬಿಟ್ಟ. ನಮ್ಮಲ್ಲಿ ಉಳಿದಿದ್ದ ಕೊನೆಯ ಕಿಟ್ಟನ್ನು ಮೇಸ್ತ್ರಿ ಇಡಿಯಾಗಿ ಯಾರಿಗೂ ಕೂರಿಸಲಿಲ್ಲ. ಇವನಿಗೊಂದು ಕೊಳವೆ, ಅವನಿಗೊಂದು ಪಟ್ಟಿ ಎಂದು ಬಿಚ್ಚಿ ಕೊಡುತ್ತ ಹೋದರು. ಖಾಲಿಯಾದ ಮರದ ಪೆಟ್ಟಿಗೆಯಲ್ಲಿ ಅವರ ರೊಟ್ಟಿಯ ಗಂಟು ಬಂದು ಕೂತಿತು.

ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಪ್ಯಾಕಿಂಗ್ ಇಲ್ಲದಿದ್ದರೆ ಕೋಣೆಯಿಲ್ಲ, ಕೋಣೆಯಿಲ್ಲದಿದ್ದರೆ ಮತ್ತೆ ಮೈದುನನ ಮನೆಯ ಒಲೆ. ಕೆಲಸವಿಲ್ಲದ ದಿನದ ಕೂಲಿಯನ್ನು ಮೇಸ್ತ್ರಿ ಒಮ್ಮೆ ಕೊಡಲು ಬಂದಾಗ ನಾನು ಮುಟ್ಟಲಿಲ್ಲ. "ಕೈ ಆಡಿದ್ದಕ್ಕ ಕೊಡ್ರಿ, ಕೂತಿದ್ದಕ್ಕ ಬ್ಯಾಡ" ಎಂದೆ. ಅವರು ಗಡ್ಡ ತುರಿಸಿಕೊಂಡು ದುಡ್ಡನ್ನು ಜೇಬಿಗೆ ಹಾಕಿಕೊಂಡರು.

ಅದಾದ ಮೇಲೆ ವಿಚಿತ್ರವಾಗಿ ಕೆಲಸ ಬರತೊಡಗಿತು. ತಿಪ್ಪಣ್ಣನ ಗಾಡಿ ಸೋರುತ್ತದೆ. ಮೀನು ಸಾಗಿಸುವ ಇನಾಸನ ಗಾಡಿ ಸೋರುತ್ತದೆ. ಇಬ್ಬರದೂ ರಿಪೇರಿಯಾಗಿ ಹೋಗಿ ಮತ್ತೆ ಸೋರುತ್ತದೆ. ಅಂಗಡಿಯೆದುರು ಖಾಲಿ ಸೀಟಿನ ಲಾರಿಗಳು ಪುನಃ ಗುರುಗುಟ್ಟುತ್ತ ನಿಂತವು. ಹಳೆಯದೆಲ್ಲಿ ಎಂದರೆ ಮೇಸ್ತ್ರಿ, "ಬಿಚ್ಚೂದ್ರಾಗ ಪುಡಿಪುಡಿ ಆತು ತಂಗಿ, ಸುಮ್ನ ಬಾಯಿ ಅಳತಿ ಮ್ಯಾಲ ಕತ್ತರ್ಸು" ಎನ್ನುತ್ತಿದ್ದರು. ನನ್ನ ಕೈಗೇ ವಯಸ್ಸಾಯಿತೇನೋ, ಕತ್ತರಿಸಿದ್ದು ಬಾಳುತ್ತಿಲ್ಲ ಎಂದು ಒಳಗೊಳಗೇ ಕೊರಗಿದೆ. ಸುತ್ತಿಗೆಯನ್ನು ಇನ್ನೂ ಮೆಲ್ಲಗೆ ಆಡಿಸಿದೆ.

ಒಂದು ದಿನ ತಿಪ್ಪಣ್ಣನ ಗಾಡಿಯ ಪ್ಯಾಕಿಂಗ್ ಬದಲಿಸಲು ಹೋದಾಗ ಬೋಲ್ಟು ಒಳಗೇ ಮುರಿಯಿತು. ಹಳೆಯ ಕಬ್ಬಿಣ, ಎಷ್ಟು ಸಲ ಬಿಚ್ಚಿ ಬಿಗಿಯುವುದು? ಅದನ್ನು ತೆಗೆಯುವ ಹತಾರ ತರಲು ಮೇಸ್ತ್ರಿ ಪಟ್ಟಣದ ಬಸ್ಸು ಹತ್ತಿದರು. ಬೆಲ್ಲದ ಹಂಗಾಮು ಅದು, ತಿಪ್ಪಣ್ಣನಿಗೆ ಹೇರಿನ ಮೇಲೆ ಹೇರು ಕಾದಿತ್ತು. ಅವನ ಲಾರಿ ಮಾತ್ರ ಅಂಗಡಿಯೆದುರು ಸದ್ದಿಲ್ಲದೆ, ನಿಂಬೆಹಣ್ಣು ಅಲ್ಲಾಡದೆ ನಿಂತಿತ್ತು. ಅವನೊಂದು ಮಾತು ಗೊಣಗಲಿಲ್ಲ. ಅದೇ ನನಗೆ ಸೋಜಿಗವಾಯಿತು, ಏಕೆಂದರೆ ತಿಪ್ಪಣ್ಣ ಚಹಾಕ್ಕೆ ಸಕ್ಕರೆ ಕಮ್ಮಿಯಾದರೂ ಊರಿಗೆ ಕೇಳುವಂತೆ ಗೊಣಗುವವನು.

ಮೇಸ್ತ್ರಿ ಇಲ್ಲದಾಗಲೇ ಇನಾಸ ಬಂದ. ಮೈಯೆಲ್ಲ ಮೀನಿನ ವಾಸನೆ, ಮುಖ ತುಂಬ ನಗು.

"ಅಕ್ಕ, ನನ್ನದು ಮತ್ತೆ ಸೋರ್ತದೆ ಮಾರಾಯ್ತಿ. ಒಂದು ಪ್ಯಾಕಿಂಗ್ ಕತ್ತರಿಸಿ ಕೊಡಿ, ನಾನೇ ಹಾಕ್ಕೊಳ್ತೇನೆ."

"ಹಳೇದು?"

ಅವನು ತಲೆ ಕೆರೆದುಕೊಂಡ. "ಮನೇಲಿ ಉಂಟು. ನಾಳೆ ತರ್ತೇನೆ."

ಮರುದಿನ ತಂದು ಮುಂದಿಟ್ಟ. ಪ್ಯಾಕಿಂಗ್ ಕಪ್ಪಗಿತ್ತು, ನಿಜ. ಆದರೆ ಗೆರೆಯಿರಲಿಲ್ಲ. ತೂತಿನಿಂದ ಅಂಚಿನವರೆಗೆ ಎಲ್ಲ ಕಡೆಯೂ ಒಂದೇ ಸಮನೆ ಕಪ್ಪು, ಹಂಚಿನ ಮೇಲೆ ಸೀದ ದೋಸೆಯ ಹಾಗೆ. ಮೂಗಿಗೆ ಹಿಡಿದೆ. ತೆಂಗಿನೆಣ್ಣೆ, ಅದರ ಹಿಂದೆ ಬಂಗಡೆ ಮೀನು.

"ಇನಾಸ, ನಿನ್ನ ಗಾಡಿ ಮೀನ ಹೊತಗೊಂಡು ಹೋಗತಿತ್ತು. ತಿನ್ನಾಕ ಯಾವಾಗ ಸುರು ಮಾಡ್ತು?"

ಅವನ ನಗು ಇಳಿಯಿತು. "ಹೆಂಡತಿ ಹೇಳಿದ್ಳು, ಬೇರೆ ಹಂಚಲ್ಲಿ ಸುಡು ಅಂತ. ನಾನು ಕೇಳ್ಲಿಲ್ಲ."

ನಾನು ಎದ್ದು ತಿಪ್ಪಣ್ಣನ ಲಾರಿಯ ಹತ್ತಿರ ಹೋದೆ. ಬಿಚ್ಚಿದ ಕೊಳವೆಯ ಬಾಯಿಗೆ ಹಿಂದಿನ ಸಲದ ಪ್ಯಾಕಿಂಗ್ ಇನ್ನೂ ಅಂಟಿಕೊಂಡಿತ್ತು. ಉಗುರಿನಿಂದ ಎಬ್ಬಿಸಿ ತೆಗೆದೆ. ಪುಡಿಯಾಗಲಿಲ್ಲ. ಒಳಗಿನ ತೂತಿನ ಸುತ್ತ ತೆಳ್ಳಗೆ ಮಸಿ, ಮಿಕ್ಕದ್ದೆಲ್ಲ ನಾನು ಕತ್ತರಿಸಿ ಕೊಟ್ಟ ದಿನದ ಬೂದು ಬಣ್ಣದಲ್ಲೇ ಇತ್ತು. ಒಂದು ಎಳೆ ಹೊಗೆಯೂ ದಾಟಿರಲಿಲ್ಲ.

ಅದನ್ನು ಹಿಡಿದು ನಿಂತಾಗ ನನಗೆ ಮೊದಲು ಬಂದದ್ದು ಸಿಟ್ಟು. ಸೋರದ ಗಾಡಿ ಬಿಚ್ಚಿ, ನಾನು ಬೇಡವೆಂದ ಭಿಕ್ಷೆಯನ್ನು ಕೂಲಿಯೆಂದು ಬಾಯಿಗೆ ಹಾಕಿದ್ದರಲ್ಲ ಎಂದು. ಸಂಜೆ ಮೇಸ್ತ್ರಿ ಬಸ್ಸಿಳಿದು ಬಂದಾಗ ಎರಡೂ ಪ್ಯಾಕಿಂಗನ್ನು ಚಹಾದಂಗಡಿಯ ಬೆಂಚಿನ ಮೇಲೆ ಇಟ್ಟೆ. ತಿಪ್ಪಣ್ಣ, ಇನಾಸ ಕೂಡ ಅಲ್ಲಿದ್ದರು. ಮೇಸ್ತ್ರಿ ನೋಡಿದರು, ಇನಾಸನ ಕಡೆ ತಿರುಗಿದರು.

"ಹಂಚಿನ ಮ್ಯಾಲ ಸುಟ್ಟೇನ್ಲೇ?"

"ನೀವು ಇರ್ಲಿಲ್ಲ, ಎಂತ ಮಾಡುದು?"

"ಮೇಸ್ತ್ರಿ, ಇದು ಯಾರ ಹಿಕಮತ್ತು?" ಎಂದೆ.

"ನನ್ನದಽ" ಎಂದ ತಿಪ್ಪಣ್ಣ. ಚಹಾದ ಲೋಟವನ್ನು ನೋಡುತ್ತಲೇ ಹೇಳಿದ. "ನಿಮ್ಮ ಪ್ಯಾಕಿಂಗ್ ಕುಂತ ಮ್ಯಾಲ ನನ್ನ ಗಾಡಿ ಘಟ್ಟದಾಗ ಒಂದ್ ಸಲನೂ ನಿಂತಿಲ್ರಿ ಅಕ್ಕಾರ. ಮಗಳ ಮದುವಿ, ಮನಿ, ಎಲ್ಲಾ ಆ ಏರಿನ ಮ್ಯಾಲ ಆಗೇತಿ. ನಿಮ್ಮನ್ನ ಮ್ಯಾಲ ಹತ್ತಿಸಿದಾಂವ ನಾ. ಇಳಿಸಿ ಬರೂದು ನನ್ನ ಕೈಲೆ ಆಗೂದಿಲ್ಲ."

"ಅದಕ್ಕ ಸುಳ್ಳ ಸುಳ್ಳ ಬಿಚ್ಚಿ ಬೋಲ್ಟ್ ಮುರ್ಕೊಂಡ್ಯಾ? ಹಂಗಾಮು ಕಳ್ಕೊಂಡ್ಯಾ?"

"ಬೋಲ್ಟ್ ಏನ್ರಿ, ಮತ್ತೊಂದು ಬರತೈತಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೇಸ್ತ್ರಿ ಒಂದು ಚಹಾ ತರಿಸಿ ನನ್ನ ಮುಂದಿಟ್ಟರು. ಕುಡಿದೆ. ನನ್ನ ಕೈ ಕೆಟ್ಟಿರಲಿಲ್ಲ ಎಂಬ ನೆಮ್ಮದಿಯೊಂದು, ಇಂಥವರ ನಡುವೆ ಇದ್ದೆನಲ್ಲ ಎಂಬುದೊಂದು. ಲೋಟ ಕೆಳಗಿಟ್ಟು, "ಇನ್ನ ಮ್ಯಾಲ ಚಲೋ ಗಾಡಿ ಯಾರೂ ಬಿಚ್ಚಬಾರದು. ನಿಜವಾಗಿ ಸೋರೂದು ಏನರ ಇದ್ರ ತರ್ರಿ. ಇಲ್ಲದಿದ್ರ ನಾಳಿ ಗಂಟು ಕಟ್ತೀನಿ" ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. ಘಟ್ಟದೂರಿನಲ್ಲಿ ಸೋರುವುದಕ್ಕೆ ಬೇರೆ ಏನಿದೆ ಎಂದು ಯೋಚಿಸುತ್ತ ಕೂತ ಗಂಡಸರನ್ನು ನಾನು ನೋಡಿದ್ದು ಅದೊಂದೇ ಸಲ. ಕೊನೆಗೆ ಇನಾಸ ಹೇಳಿದ. "ಐಸ್ ಫ್ಯಾಕ್ಟರಿ ಉಂಟಲ್ಲ ಅಕ್ಕ. ನಾನು ದಿನಾ ಮಂಜುಗಡ್ಡೆ ತುಂಬ್ಸೋದು ಅಲ್ಲೇ. ಪೈಪಿನ ಸಂದಿಂದ ಅಮೋನಿಯಾ ಗ್ಯಾಸ್ ಸೋರಿ ಎಲ್ಲರ ಕಣ್ಣಲ್ಲೂ ನೀರು. ಪ್ಯಾಕಿಂಗ್ ಪಟ್ಟಣದಿಂದ ಬರ್ಬೇಕಂತೆ, ಬಂದದ್ದು ಕೂರುದೇ ಇಲ್ಲ."

"ಹಳೇದು ಐತೇನು?"

"ಸತ್ಯವಾಗ್ಲೂ ಸೋರಿದ್ದು. ನನ್ನ ಹಂಚಲ್ಲ."

ಮರುದಿನ ನಾವೆಲ್ಲ ಹೋದೆವು. ಸೆರಗಿನಿಂದ ಮೂಗು ಮುಚ್ಚಿಕೊಂಡು ನಾನು ಹಳೆಯ ಪ್ಯಾಕಿಂಗ್ ಓದಿದೆ, ಅಲ್ಲಿಯ ಹಾಳೆಯನ್ನೇ ಕೇಳಿ ಪಡೆದು ಕೊಳವೆಯ ಬಾಯಿಗೆ ಹಿಡಿದು ತಟ್ಟಿದೆ. ಮೇಸ್ತ್ರಿ ಕೂರಿಸಿ ಬಿಗಿದರು. ಫ್ಯಾಕ್ಟರಿಯವರು ಯಂತ್ರ ಶುರು ಮಾಡಿದರು. ನಾನು ಸೆರಗು ತೆಗೆದೆ. ಕಣ್ಣು ಉರಿಯಲಿಲ್ಲ.

ಅಷ್ಟರಲ್ಲಿ ಕೊಳವೆಯ ಆ ತುದಿಯಿಂದ ಬೆಳ್ಳಗೆ ಏನೋ ಹರಡುತ್ತ ಬಂತು. ಒಳಗಿನ ತಂಪಿಗೆ ಕಟ್ಟಿದ, ಹಿಟ್ಟು ಚಿಮುಕಿಸಿದಂಥ ಹಿಮ. ಅದು ಕಬ್ಬಿಣದ ಮೇಲೆ ಮೆಲ್ಲಗೆ ತೆವಳಿ, ನಾನು ಕತ್ತರಿಸಿದ ಬಿಲ್ಲೆಯ ಹತ್ತಿರ ಬಂದು, ಒಂದು ಗಳಿಗೆಯೂ ನಿಲ್ಲದೆ, ಗೆರೆ ಬೀಳದೆ, ಸಂದನ್ನು ದಾಟಿ ಆಚೆಯ ಕೊಳವೆಯನ್ನೂ ಬೆಳ್ಳಗೆ ಮಾಡುತ್ತ ಹೋಯಿತು.