ತೊಳೆದ ಗೋಡೆ

“ಸಾಹೇಬ್ರ ಮುಂದೆ ಸುಳ್ಳು ಬೊಗಳ್ತೀಯಾ, ಮುಂಡೇದೇ? ನೀರು ನುಗ್ಗಿದ್ದು ನಿನ್ ಮನೆಗೋ, ನಿನ್ ಬಾಯಿಗೋ?”

ಬಾಡಿಗೆ ಕೋಣೆಯ ಯಜಮಾನ ಬೈಯುತ್ತಲೇ ಇದ್ದ. ಪ್ರವಾಹದ ಹಾನಿ ನೋಡಲು ಬಂದ ಸಾಹೇಬರು ಗೋಡೆಗೆ ಬೆರಳು ಸವರಿದರು. ಬೆರಳಿಗೆ ಏನೂ ಅಂಟಲಿಲ್ಲ.

ಬೈಸಿಕೊಳ್ಳುತ್ತಿದ್ದವಳು ಗುಬ್ಬಿ. ಆಸ್ಪತ್ರೆಯಲ್ಲಿ ನೆಲ ಒರೆಸುವ ಸಣ್ಣ ಆಳು. ಎಲ್ಲರ ಬಾಯಲ್ಲೂ ಅವಳು ಗುಬ್ಬಿಯೇ. ಹೊಳೆಯ ನೀರು ಅವಳ ಒಂಟಿ ಕೋಣೆಯಲ್ಲಿ ಎದೆಮಟ್ಟ ನಿಂತು ಇಳಿದಿತ್ತು. ಗೋಡೆಯ ಸುತ್ತ ಕೆಸರಿನ ಗೆರೆ ಉಳಿದಿತ್ತು. ಸಾಹೇಬರು ಬರುತ್ತಾರೆಂದು ಕೇಳಿದ್ದೇ ತಡ, ಅತ್ತೆ ಸೊಸೆ ಸೆರಗು ಸಿಕ್ಕಿಸಿಕೊಂಡು ಅದನ್ನು ಉಜ್ಜಿ ಉಜ್ಜಿ ತೊಳೆದುಬಿಟ್ಟರು. ದೊಡ್ಡವರಿಗೆ ಹೊಲಸು ತೋರಿಸುವುದುಂಟೇ?

“ನಾವೇ ತೊಳದ್ವಿ ಸಾಮಿ, ನೀವು ಬರ್ತೀರಂತ,” ಎಂದಳು ಅತ್ತೆ.

“ನಮ್ಮನೆಗಿಂತ ಚೆನ್ನಾಗಿದೆಯಲ್ಲಮ್ಮ,” ಸಾಹೇಬರು ನಕ್ಕರು. “ಇರೋಕೆ ಆಗುತ್ತೆ ಅಂತ ಬರ್ಕೋತೀನಿ. ಮನೆ ಇರೋರಿಗೆ ಸರ್ಕಾರದ ಶೆಡ್ಡು ಕೊಡಲ್ಲ.”

“ಕೊಡ್ಬಾರ್ದು ಬಿಡಿ. ಕಲ್ಲಿನಂಗಿದೆ ಗೋಡೆ,” ಎಂದ ಯಜಮಾನ. ಗುಬ್ಬಿ ಶೆಡ್ಡಿಗೆ ಹೋದರೆ ಅವನ ಬಾಡಿಗೆ ತಪ್ಪುತ್ತಿತ್ತು.

ನೆರೆಗೆ ಸಿಕ್ಕವರೆಲ್ಲ ತಂಗಿದ್ದ ಶಾಲೆಯನ್ನು ಸಂಜೆಯೊಳಗೆ ಖಾಲಿ ಮಾಡಬೇಕು; ಶೆಡ್ಡು ಸಿಗದಿದ್ದರೆ ಇಲ್ಲಿಯೇ ಮಲಗಬೇಕು. ನೀರು ಇಳಿದ ಮೇಲೆ ಇಲ್ಲಿ ಒಂದೇ ಒಂದು ರಾತ್ರಿ ಮಲಗಿದ್ದರು. ರಸ್ತೆಯಲ್ಲಿ ಕೆಸರಿನ ಲಾರಿ ಹೋದಾಗಲೆಲ್ಲ ಕತ್ತಲಲ್ಲಿ ಗೋಡೆ ಮುಲುಗಿತ್ತು. ಮಗಳ ತಲೆಯ ಪಕ್ಕಕ್ಕೇ ಮಣ್ಣಿನ ಹೆಂಟೆ ಬಿದ್ದಿತ್ತು.

“ಒಳಗೆಲ್ಲ ನೆಂದೈತೆ ಸಾಮಿ. ಮಗು ಮಲಗ್ಬೇಕು ಇಲ್ಲಿ,” ಎಂದಳು ಗುಬ್ಬಿ.

“ನೆಂದಿದ್ರೆ ಒಣಗುತ್ತಮ್ಮ.”

ಗುಬ್ಬಿ ಕಂಕುಳಲ್ಲಿದ್ದ ಮಗಳನ್ನು ಅತ್ತೆಯ ಕೈಗೆ ಕೊಟ್ಟಳು.

“ಅತ್ತೆ, ಮಗೂನ ಎತ್ಕೊಂಡು ರಸ್ತೆ ಆಚೆ ನಿಂತ್ಕೊಳ್ಳಿ.”

“ಯಾಕೇ ತಾಯಿ?”

“ನಿಂತ್ಕೊಳ್ಳಿ ಅಂದೆ.”

ಅವರು ರಸ್ತೆ ದಾಟುವುದನ್ನು ನೋಡಿದಳು. ಬಾಗಿಲು ಮುಚ್ಚಿ, ಒಳಗಿನ ಚಿಲಕ ಹಾಕಿ, ಬೆನ್ನು ಕೊಟ್ಟು ನಿಂತಳು.

“ಏಯ್, ತಲೆ ಕೆಟ್ಟಿದೆಯೇನೇ?” ಯಜಮಾನ ಮುಂದೆ ಬಂದ.

“ಕೂತ್ಕೊಳ್ಳಿ ಯಜಮಾನ್ರೇ. ಸಾಹೇಬ್ರೇ, ನೀವೂನೂವೆ. ಇರೋಕೆ ಆಗುತ್ತೆ ಅಂದ್ರಲ್ಲ, ಸ್ವಲ್ಪ ಹೊತ್ತು ಇರೋಣ.”

“ಪೊಲೀಸ್ ಕರೀಬೇಕಾಗುತ್ತೆ,” ಎಂದರು ಸಾಹೇಬರು.

“ಕರೀರಿ. ಅವ್ರೂ ಬಂದು ಒಳಗೇ ಕೂತ್ಕೊಳ್ಲಿ.”

ಹೊರಗೆ ಕೆಸರು ತುಂಬಿದ ಲಾರಿಯೊಂದು ಗುಂಡಿಗೆ ಇಳಿದು ಹತ್ತಿತು. ನೆಲ ಅದುರಿತು. ತೊಳೆದ ಗೋಡೆಯ ಮೈಯಲ್ಲಿ ಸೀಳೊಂದು ಮೇಲಿನಿಂದ ಇಳಿಯಿತು. ಸಾಹೇಬರ ಕಾಲರಿನೊಳಗೆ ಮಣ್ಣು ಜಾರಿತು. ಯಜಮಾನ ಅವರನ್ನು ಪಕ್ಕಕ್ಕೆ ನೂಕಿ ಬಾಗಿಲಿಗೆ ಬಂದ.

“ತೆಗಿಯೇ ಲೌಡಿ, ತೆಗಿ. ಬೀಳುತ್ತೆ ಕಣೇ ಇದು.”

“ಏನು ಬೀಳುತ್ತೆ ಯಜಮಾನ್ರೇ? ಸಾಹೇಬ್ರಿಗೆ ಕೇಳೋ ಹಾಗೆ ಹೇಳಿ.”

ಅವನು ಅವಳ ಜುಟ್ಟಿಗೆ ಕೈ ಹಾಕಿದ. ಅವಳು ಹೆದರಿ ಕಣ್ಣು ಮುಚ್ಚಿಕೊಂಡಳು. ಚಿಲಕದ ಮೇಲಿನ ಕೈ ಬಿಡಲಿಲ್ಲ.

ಹೊರಗೆ ಇನ್ನೊಂದು ಲಾರಿ ಬರುವ ಸದ್ದಾಯಿತು.