ಕೆಟ್ಟ ದಿನದ ಮಾತು

ಯಾರಾದರೂ ‘ಸಾಮಾನ್ಯವಾಗಿ’ ಎಂದರೆ ಸಾಕು, ಬಿರಬಿರನೆ ನಡೆಯುತ್ತಿದ್ದ ರಂಜಿತ ನಿಂತುಬಿಡುತ್ತಾಳೆ. ಬಸ್ಸು ಸಾಮಾನ್ಯವಾಗಿ ಎಂಟಕ್ಕೆ ಬರುತ್ತದೆ ಎಂದವರನ್ನೂ, ಜ್ವರ ಸಾಮಾನ್ಯವಾಗಿ ಮೂರು ದಿನಕ್ಕೆ ಇಳಿಯುತ್ತದೆ ಎಂದ ವೈದ್ಯರನ್ನೂ ಅವಳು ಕೇಳುವುದು ಒಂದೇ ವಿನಯದಿಂದ: “ಅದು ಒಳ್ಳೆ ದಿನದ ಮಾತಾಯ್ತು. ಕೆಟ್ಟ ದಿನದ್ದು?” ಉತ್ತರ ಸಿಗುವ ತನಕ, ಸ್ಕ್ರೂಡ್ರೈವರ್, ತಂತಿಚೂರು, ಹುರಿಗಡಲೆಗಳೆಲ್ಲ ಒಟ್ಟಿಗೆ ವಾಸವಾಗಿರುವ ಗಂಡಸರ ಕಂದು ಕೋಟಿನ ಜೇಬಿನಲ್ಲಿ ಕೈಯಿಟ್ಟು, ಕತ್ತನ್ನು ತುಸು ಓರೆಮಾಡಿ ನಿಂತೇ ಇರುತ್ತಾಳೆ.

ಅವಳು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು, ಊರು ಪಣಕಹಳ್ಳಿ. ಹೋದ ಮಾಗಿಯಲ್ಲಿ, ಅವಳ ಮನೆಯವರ ಹೊಲಕ್ಕೆ ನಸುಕಿನಲ್ಲೇ ಚೆಂಡುಹೂ ಬಿಡಿಸಲು ಬರುತ್ತಿದ್ದ ಚಿಕ್ಕಮಾದಮ್ಮ ಮಂಜಿನೊಳಗೆ ಆನೆಹಿಂಡಿಗೆ ಎದುರಾಗಿ, ಓಡಿ, ಹಳ್ಳಕ್ಕೆ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಕೈಗೆ ಹಾಕಿದ ಕಟ್ಟು ಬಿಚ್ಚುವ ಮೊದಲೇ ರಂಜಿತ ಕಾಡಂಚಿನಲ್ಲಿ ಆರು ಕಂಬ ನೆಡಿಸಿದ್ದಳು. ಆನೆಯ ಹೆಜ್ಜೆಗೆ ನೆಲ ಕಂಪಿಸಿದಾಗ ಕಂಬದ ಬುಡದ ಸೆನ್ಸರು ಅದನ್ನು ಪೆಟ್ಟಿಗೆಗೆ ತಿಳಿಸಬೇಕು, ಪೆಟ್ಟಿಗೆ ಹಾದಿಯಲ್ಲಿ ಕೆಂಪು ದೀಪ ಹಚ್ಚಬೇಕು.

ಆ ಪೆಟ್ಟಿಗೆಗೆ ಯಾವ ಆಪರೇಟಿಂಗ್ ಸಿಸ್ಟಂ ಎಂಬುದೇ ಪ್ರಶ್ನೆಯಾಯಿತು. ಪ್ರಯೋಗಾಲಯದ ಸಹಾಯಕ ಚಂದ್ರುವಿನೊಡನೆ ಕೂತು, ಎಲ್ಲರಿಗೂ ಪರಿಚಿತವಾದ ಒಂದು ದೊಡ್ಡ ಸಿಸ್ಟಮನ್ನು ಹಾಕಿ ಅವಳು ಎರಡು ತಿಂಗಳು ದುಡಿದಳು. ಅದು ಕಂಪನ ಹಿಡಿಯುವುದರ ಜೊತೆಗೆ ಕ್ಯಾಮೆರಾದಲ್ಲಿ ಚಿತ್ರವನ್ನೂ ತೆಗೆದು ಫೋನಿಗೆ ಕಳಿಸುತ್ತಿತ್ತು. ಕಂಬಗಳಿಗೆ ಮರ ಕೊಟ್ಟಿದ್ದ ಅವಳ ದೊಡ್ಡಪ್ಪ ಶಿವಮಲ್ಲಪ್ಪನವರು ಕಾಡುಹಂದಿಯ ಒಂದು ಚಿತ್ರವನ್ನು ದಿಂಬಂ ಘಾಟಿಯ ಟೀ ಅಂಗಡಿಯವರೆಗೂ ಒಯ್ದು ತೋರಿಸಿ ಬಂದರು.

ಪರೀಕ್ಷೆಯ ದಿನ ಚಂದ್ರು ಒನಕೆಯಿಂದ ನೆಲ ಕುಟ್ಟಿದ, ಚಿಕ್ಕಮಾದಮ್ಮ ಗಟ್ಟಿಯಾಗಿ ಎಣಿಸಿದಳು. ಸಾವಿರ ಏಟಿನಲ್ಲಿ ಪೆಟ್ಟಿಗೆ ಹಿಡಿದದ್ದು ಒಂಬೈನೂರ ತೊಂಬತ್ತಮೂರು.

“ಸಾವಿರುಕ್ಕೆ ಏಳೇ ಮೇಡಂ ತಪ್ಪಿರೋದು” ಎಂದು ಚಂದ್ರು ಹಿಗ್ಗಿದ.

ರಂಜಿತ ಹಿಗ್ಗಲಿಲ್ಲ. ತಪ್ಪಿದ ಏಳೂ ಏಟುಗಳು ಒಂದರ ಹಿಂದೊಂದು ಬಿದ್ದಿದ್ದವು. ಆ ಹೊತ್ತಿನಲ್ಲಿ ಸಿಸ್ಟಂ ಒಂದು ಚಿತ್ರವನ್ನು ಮೆಮೊರಿ ಕಾರ್ಡಿಗೆ ಬರೆಯುವುದರಲ್ಲಿ ಮುಳುಗಿತ್ತು. ಅವಳ ಮುಖವನ್ನೇ ನೋಡುತ್ತಿದ್ದ ಚಿಕ್ಕಮಾದಮ್ಮ ಮೆಲ್ಲಗೆ ಹೇಳಿದಳು: “ಆ ಏಳು ಎಜ್ಜೇಲಿ ಆನೆ ನನ್ ಮೈಮ್ಯಾಕೇ ಬಂದ್ಬುಡ್ತದ ಕಣವ್ವ.”

ಎರಡು ತಿಂಗಳ ದುಡಿಮೆಯನ್ನು ರಂಜಿತ ಅಂದೇ ಬದಿಗಿಟ್ಟಳು. ಅವಳು ಆರಿಸಿಕೊಂಡದ್ದು ಪುಟ್ಟದೊಂದು ರಿಯಲ್-ಟೈಮ್ ಸಿಸ್ಟಂ: ವೈಭವವಿಲ್ಲ, ಚಿತ್ರವಿಲ್ಲ, ಕೈಯಲ್ಲಿ ಯಾವ ಕೆಲಸವಿದ್ದರೂ ಅಲ್ಲಿಗೇ ಬಿಟ್ಟು, ಗೊತ್ತುಪಡಿಸಿದ ಕ್ಷಣಕ್ಕೆ ಸರಿಯಾಗಿ ನೆಲಕ್ಕೆ ಕಿವಿಗೊಡುವ ನಿಷ್ಠೆಯೊಂದೇ ಅದರ ಬಂಡವಾಳ.

ದೊಡ್ಡಪ್ಪ ಮುನಿಸಿಕೊಂಡರು. “ಪಟ ಇಲ್ದೆ ಜನ ಎಂಗವ್ವ ನಂಬಾರು?”

“ನಂಬೋದು ಬ್ಯಾಡ ದೊಡ್ಡಪ್ಪ, ದೀಪ ಕಂಡು ನಿಂತ್ಕಂಡ್ರೆ ಸಾಕು.”

ಮತ್ತೆ ಒನಕೆ ಬಂತು. ಈ ಸಲ ಚಂದ್ರುವಿನ ಅಂಗೈ ಬೊಬ್ಬೆಯೇಳುವ ತನಕ, ನಾಲ್ಕು ಸಾವಿರ ಏಟು, ಒಂದೂ ತಪ್ಪಲಿಲ್ಲ.

ಕಾರ್ತಿಕದ ಒಂದು ನಸುಕಿನಲ್ಲಿ ಮಂಜಿನ ನಡುವೆ ಕೆಂಪು ದೀಪ ಹೊತ್ತಿಕೊಂಡಿತು. ಚಿಕ್ಕಮಾದಮ್ಮ ತೋಳುಚಾಚಿ ಹಿಂದೆ ಬರುತ್ತಿದ್ದ ಎಂಟು ಹೆಂಗಸರನ್ನು ತಡೆದಳು. ಕೂಗಳತೆಯ ದೂರದಲ್ಲಿ ಹಿಂಡು ಮರಿಯನ್ನು ನಡುವೆ ಮಾಡಿಕೊಂಡು ಹಾದಿ ದಾಟಿತು. ದೀಪ ಆರಿದ ಮೇಲೆ ಹೆಂಗಸರು ಹೂವಿಗೆ ಹೋದರು.

ಸುದ್ದಿ ಕೇಳಿ ರಂಜಿತ ಓಡಿಬಂದಾಗ ಚಿಕ್ಕಮಾದಮ್ಮ ಅವಳ ಕೆನ್ನೆ ಸವರಿ, ತನ್ನ ಕಣತಲೆಗೆ ಬೆರಳೊತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆದಳು. ನಾಚಿದ ರಂಜಿತ ತಿರುಗಿ ನಿಂತು, ದೀಪದ ಗಾಜಿನ ಇಬ್ಬನಿಯನ್ನು ಸೆರಗಿನಿಂದ ಒರೆಸತೊಡಗಿದಳು.

ರಂಜಿತಳಂಥವರ ಅಕ್ಕರೆ ಮಾತಾಗಿ ಹೊರಬೀಳುವುದು ಅಪರೂಪ. ಹತ್ತು ಜನ ಸಾಕೆಂದ ಮೇಲೂ ಮತ್ತೊಮ್ಮೆ ನೋಡುವ ಅವರ ಹಟದಲ್ಲೇ ಅದು ನೆಲೆಸಿರುತ್ತದೆ. ಅವರ ದೆಸೆಯಿಂದ ಕ್ಷೇಮವಾಗಿ ಮನೆ ಸೇರಿದವರು, ಬಹುಪಾಲು, ಅದನ್ನು ಅರಿಯದೆಯೇ ಸಂಜೆಯ ಒಲೆ ಹಚ್ಚುತ್ತಾರೆ.