ಎಣ್ಣೆ ಕಡ್ಡಿ ನೋಡುವ ಕ್ರಮ

ನಮ್ಮ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತು ಮೂರು ತಿಂಗಳಾಗಿತ್ತು. ಇಬ್ಬರದೂ ಒಂದೇ ಗಾಜಿನಂಗಡಿ, ಒಂದೇ ಮೇಜು, ಒಂದೇ ಅಳತೆ ಟೇಪು. ಆದರೂ "ನಿಮ್ಮಪ್ಪಂಗೆ ಹೇಳು, ಆ ಕಿಟಕಿ ಗಾಜು ನಾಲ್ಕಡಿ ಅಂತೆ" ಎಂದು ಚಿಕ್ಕಪ್ಪ ನನಗೆ ಫೋನ್ ಮಾಡುತ್ತಿದ್ದ. ಆ ಹೊತ್ತಿಗೆ ಅಪ್ಪ ಅವನಿಂದ ಎರಡು ಮಾರು ದೂರದಲ್ಲಿ ಗಾಜು ಕೊಯ್ಯುತ್ತಿರುತ್ತಿದ್ದ. ನಾನೋ, ಊರಿನ ಇನ್ನೊಂದು ತುದಿಯಲ್ಲಿ ಗೇರ್‌ಬಾಕ್ಸ್ ರಿಪೇರಿಯ ಶೆಡ್ಡು ಇಟ್ಟುಕೊಂಡವಳು. ಕೈತುಂಬ ಗ್ರೀಸು, ಕಿವಿಯಲ್ಲಿ ನಾಲ್ಕಡಿ ಗಾಜು. ತಲೆ ಚಿಟ್ಟು ಹಿಡಿದುಹೋಗಿತ್ತು.

ಜಗಳಕ್ಕೆ ಕಾರಣ ಒಂದು ಆಳೆತ್ತರದ ಕನ್ನಡಿ. ಪಿಕಪ್ಪಿನಲ್ಲಿ ಅದನ್ನು ಹಗ್ಗ ಬಿಗಿದು ನಿಲ್ಲಿಸಿದ್ದು ಅಪ್ಪ, ಗಾಡಿ ಓಡಿಸಿದ್ದು ಚಿಕ್ಕಪ್ಪ. ತಲುಪುವಷ್ಟರಲ್ಲಿ ಕನ್ನಡಿ ನುಚ್ಚುನೂರು. ಹಗ್ಗ ಸಡಿಲವಿತ್ತು ಎಂದು ತಮ್ಮ, ಓಡಿಸಿದ್ದು ಒರಟು ಎಂದು ಅಣ್ಣ. ಅಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತೇನೋ. "ನಿನ್ನ ಕೈಗೆ ಗಾಜು ಕೊಡೋದೂ ಒಂದೇ, ನೆಲಕ್ಕೆ ಎತ್ತಿ ಹಾಕೋದೂ ಒಂದೇ" ಎಂದು ಅಪ್ಪ ಗಿರಾಕಿಯ ಎದುರಿಗೇ ಅಂದುಬಿಟ್ಟ. ಅಲ್ಲಿಂದಾಚೆಗೆ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಆಮೇಲೆ ಗಾಡಿಯೂ ಮುನಿಸಿಕೊಂಡಿತು. ನಾವು ಅದನ್ನು ಅಜ್ಜ ಅಂತಲೇ ಕರೆಯುವುದು, ನನಗಿಂತ ನಾಲ್ಕು ವರ್ಷ ಹಿರಿಯ ಪಿಕಪ್ಪು. ಕ್ಲಚ್ಚಿಲ್ಲ, ಹಿಡಿಯನ್ನು ಒಮ್ಮೆ ಮುಂದಕ್ಕೋ ಹಿಂದಕ್ಕೋ ಹಾಕಿದರೆ ಸಾಕು, ಆಮೇಲೆ ಗೇರು ತಾನಾಗಿ ಬದಲಾಗುತ್ತದೆ. ಗಾಜು ಸಾಗಿಸಲು ಇಷ್ಟು ಮೆತ್ತಗೆ ಹೋಗುವ ಗಾಡಿ ಬೇರೆ ಸಿಗದೆಂದು ಅಣ್ಣತಮ್ಮ ಸೇರಿ ಹುಡುಕಿ ತಂದಿದ್ದರು. ಈಗ ಅದೇ ಅಜ್ಜ ಒದೆಯಲು ಶುರುಮಾಡಿದ್ದ.

ಒಂದು ಬೆಳಿಗ್ಗೆ ಅಪ್ಪ ಅದನ್ನು ನನ್ನ ಶೆಡ್ಡಿಗೆ ತಂದು ನಿಲ್ಲಿಸಿ, ಬಾಗಿಲನ್ನು ಬೇಕಾದದ್ದಕ್ಕಿಂತ ಜೋರಾಗಿ ಹಾಕಿದ.

"ನೋಡಿ ಹೇಳು. ಗೇರ್‌ಬಾಕ್ಸ್ ಹೋಗಿದ್ರೆ ಇವತ್ತೇ ಗುಜರಿಗೆ. ಗಾಡಿನೇ ಇಲ್ಲ ಅಂದ್ಮೇಲೆ ಜೊತೇಲಿ ಅಂಗಡಿ ಯಾಕೆ? ನಡುವೆ ಗೋಡೆ ಎಬ್ಬಿಸ್ತೀನಿ. ಅವನ ಪಾಡು ಅವನಿಗೆ."

"ಚಿಕ್ಕಪ್ಪ ಒಪ್ಪಿದಾನಾ?"

"ಅವನೇ ನಿಮ್ಮಮ್ಮನ ಹತ್ರ ಹೇಳಿ ಕಳಿಸಿದ್ದು. ಸಂಜೆ ಇಬ್ಬರೂ ಬರ್ತೀವಿ. ಬೇರೆ ಬೇರೆ."

ನಾನು ಬೆಳೆದದ್ದೇ ಆ ಅಂಗಡಿಯಲ್ಲಿ, ಅವರಿಬ್ಬರ ಕಾಲ ನಡುವೆ. ಅಲ್ಲೊಂದು ಗೋಡೆ ಎದ್ದರೆ ನಾನು ಯಾವ ಬಾಗಿಲಿನಿಂದ ಒಳಗೆ ಹೋಗಲಿ? ಹಾಗಂತ ಸತ್ತ ಗೇರ್‌ಬಾಕ್ಸನ್ನು ಬದುಕಿದೆ ಅನ್ನಲೂ ಆಗದು. ಈ ಕಸುಬಿನಲ್ಲಿ ಸುಳ್ಳು ಹೇಳಿದರೆ ಗಾಡಿಯೇ ನಡುರಸ್ತೆಯಲ್ಲಿ ನಿಂತು ಮಾನ ಕಳೆಯುತ್ತದೆ.

ಓಡಿಸಿ ನೋಡಿದೆ. ಮೊದಲ ಹತ್ತು ನಿಮಿಷ ಅಜ್ಜ ಬಲು ಸಂಭಾವಿತ. ಬಿಸಿಯೇರಿದ ಮೇಲೆ ಬಣ್ಣ ಬಯಲಾಯಿತು. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಇಂಜಿನ್ ಕೂಗಿಕೊಂಡಿತು, ಗಾಡಿಗೆ ಮಾತ್ರ ವೇಗ ಬರಲಿಲ್ಲ, ಆಮೇಲೆ ಧಡ್ಡನೆ ಬೆನ್ನಿಗೆ ಒದ್ದಿತು. ಇಷ್ಟು ಕಂಡರೆ ಹತ್ತರಲ್ಲಿ ಎಂಟು ಮೆಕ್ಯಾನಿಕ್‌ಗಳು ಹಿಂದೆಮುಂದೆ ನೋಡದೆ ಗೇರ್‌ಬಾಕ್ಸ್ ಇಳಿಸಿಬಿಡುತ್ತಾರೆ. ನಾನು ಮೊದಲು ಎಣ್ಣೆ ನೋಡುವವಳು.

ಇಂಜಿನ್ ಓಡುತ್ತಿದ್ದ ಹಾಗೆಯೇ, ಗೇರ್‌ಬಾಕ್ಸಿನೊಳಗೆ ಎಷ್ಟು ಎಣ್ಣೆಯಿದೆ ಎಂದು ತೋರಿಸುವ ಎಣ್ಣೆ ಕಡ್ಡಿಯನ್ನು ಎಳೆದೆ. ಬಿಳಿ ಬಟ್ಟೆಗೆ ಒರೆಸಿ ಮೂಸಿದೆ. ಸುಟ್ಟ ವಾಸನೆಯಿಲ್ಲ, ಕಪ್ಪು ಚೂರಿಲ್ಲ, ಬಣ್ಣ ಹೊಸ ಎಣ್ಣೆಯ ಹಾಗೇ ಕೆಂಪು. ಆದರೆ ಕಡ್ಡಿಯ ತುಂಬ ನೊರೆ, ಅದೂ ಮೇಲಿನ ಗೆರೆ ದಾಟಿ ಎರಡು ಬೆರಳು ಎತ್ತರಕ್ಕೆ. ಎಣ್ಣೆ ಕಡಿಮೆಯಾದ ಗಾಡಿಗಳನ್ನು ದಿನಾ ನೋಡುತ್ತೇನೆ, ಇಷ್ಟು ಹೆಚ್ಚಾದದ್ದನ್ನು ನೋಡಿರಲಿಲ್ಲ. ಹೆಚ್ಚಾದ ಎಣ್ಣೆಯನ್ನು ಒಳಗೆ ತಿರುಗುವ ಭಾಗಗಳು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತವೆ. ನೊರೆಯೆಂದರೆ ಗಾಳಿ. ಗಾಳಿಗೆ ಗೇರನ್ನು ಒತ್ತಿ ಹಿಡಿಯುವ ಕಸುವೆಲ್ಲಿ? ಅದಕ್ಕೇ ಗೇರು ಜಾರುತ್ತಿತ್ತು.

ಸರಿ, ಸುರಿದವರು ಯಾರು? ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಗಾಡಿಯನ್ನೆಲ್ಲ ಜಾಲಾಡಿದೆ. ಸೀಟಿನ ಕೆಳಗೆ ಅಪ್ಪನ ಹಳೆಯ ಟೋಪಿಯಲ್ಲಿ ಸುತ್ತಿದ ಒಂದು ಡಬ್ಬ ಸಿಕ್ಕಿತು. ಸೀಟಿನ ಹಿಂದೆ, ಚಿಕ್ಕಪ್ಪ ಗಾಜು ಒರೆಸುವ ಬಟ್ಟೆಗಳ ಅಡಿಯಲ್ಲಿ ಇನ್ನೊಂದು. ಎರಡೂ ಗೇರೆಣ್ಣೆ, ಎರಡೂ ಅರ್ಧ ಖಾಲಿ. ನಕ್ಕೂ ನಕ್ಕೂ ಬಂಪರಿನ ಮೇಲೆ ಕೂತುಬಿಟ್ಟೆ.

ನಗು ಬೇಗ ಇಳಿಯಿತು. ಮೂರು ತಿಂಗಳ ಹಿಂದೆ ಅಪ್ಪ ಫೋನಿನಲ್ಲಿ, ಹಳೇ ಗಾಡಿಗೆ ಗೇರೆಣ್ಣೆ ಕಡಿಮೆಯಾಗುತ್ತಾ ಎಂದು ಕೇಳಿದ್ದ. "ಆಗುತ್ತೆ, ಆಗಾಗ ಸ್ವಲ್ಪ ಹಾಕ್ತಿರು" ಅಂದಿದ್ದೆ. ಅದೇ ವಾರ ಚಿಕ್ಕಪ್ಪನೂ ಕೇಳಿದ್ದ, ಅವನಿಗೂ ಅದನ್ನೇ ಅಂದಿದ್ದೆ. ಕಡ್ಡಿ ನೋಡಿ ಹಾಕಿ ಎಂದು ಇಬ್ಬರಿಗೂ ಹೇಳಿರಲಿಲ್ಲ. ಮಾತಾಡಿಕೊಳ್ಳದ ಇಬ್ಬರು ಒಂದೇ ಗಾಡಿಗೆ ಟಾನಿಕ್ ಕುಡಿಸುತ್ತಾರೆಂದು ನಾನಾದರೂ ಹೇಗೆ ಎಣಿಸಲಿ! ಆದರೂ ತಪ್ಪು ನನ್ನದೇ. ಸಣ್ಣ ಕೊಳವೆ ಇಳಿಸಿ ಹೆಚ್ಚಿನ ಎಣ್ಣೆಯನ್ನೆಲ್ಲ ಎಳೆದು ತೆಗೆದೆ. ನೊರೆ ಇಳಿದ ಮೇಲೆ ಊರು ಸುತ್ತಿಸಿದೆ. ಎರಡರಿಂದ ಮೂರಕ್ಕೆ ಹೋದದ್ದು ಗೊತ್ತೇ ಆಗಲಿಲ್ಲ.

ಸಂಜೆ ಇಬ್ಬರೂ ಬಂದರು, ಹೇಳಿದ ಹಾಗೆ ಬೇರೆ ಬೇರೆ. ಒಬ್ಬ ಟೈರಿನ ಮೇಲೆ ಕೂತ, ಇನ್ನೊಬ್ಬ ಬಾಗಿಲಿಗೆ ಒರಗಿದ. ನಾನು ಎರಡೂ ಡಬ್ಬಗಳನ್ನು ತಂದು ಮೇಜಿನ ಮೇಲೆ ಕುಕ್ಕಿದೆ.

"ಇವು ಯಾರವು?"

ಇಬ್ಬರಿಗೂ ಶೆಡ್ಡಿನ ಸೂರಿನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂತು. ಕೊನೆಗೆ ಅಪ್ಪ ನನ್ನನ್ನೇ ನೋಡುತ್ತ ಹೇಳಿದ. "ಒಂದು ನಂದು. ಹಾಕಿದ್ರೆ ಏನಾಯ್ತು? ದಿನಾ ಓಡಿಸೋನು ಅವನು. ಯಾವುದೋ ಏರಿನಲ್ಲಿ ಕೈಕೊಟ್ಟು ಗಾಡಿ ಹಿಂದಕ್ಕೆ ಜಾರಿದ್ರೆ?"

"ನಿಮ್ಮಪ್ಪನೂ ಓಡಿಸ್ತಾನಲ್ಲ ವಾರಕ್ಕೊಂದ್ಸಲ" ಎಂದ ಚಿಕ್ಕಪ್ಪ, ಅವನೂ ನನಗೇ. "ನಂಗೆ ಭಯ ಇರಲ್ವಾ?"

ನಾನು ಇಬ್ಬರನ್ನೂ ಸೇರಿಸಿ ಗದರಿಸಿದೆ. "ಗೇರ್‌ಬಾಕ್ಸ್‌ಗೆ ಏನೂ ಆಗಿಲ್ಲ. ನೀವಿಬ್ಬರೂ ಕದ್ದು ಕದ್ದು ಸುರಿದು ಅದರ ಉಸಿರು ಕಟ್ಟಿಸಿದೀರಿ. ಇನ್ಮೇಲೆ ಕಡ್ಡಿ ನೋಡದೆ ಒಂದು ಹನಿ ಹಾಕೋ ಹಾಗಿಲ್ಲ. ನೋಡೋ ಕ್ರಮ ಹೇಳಿಕೊಡ್ತೀನಿ. ಒಬ್ಬರು ಒಳಗೆ ಕೂತು ಬ್ರೇಕ್ ತುಳಿದು ಒಂದೊಂದೇ ಗೇರಿಗೆ ಹಾಕಿ ತೆಗೀಬೇಕು, ಒಬ್ಬರು ಬಾನೆಟ್ ಹತ್ರ ನಿಂತು ಕಡ್ಡಿ ನೋಡಬೇಕು. ಬ್ರೇಕ್ ಬಿಟ್ರೆ ಗಾಡಿ ತಾನೇ ಹೊರಟುಬಿಡುತ್ತೆ, ಹುಷಾರು."

ಈ ಕೆಲಸವನ್ನು ನಾನು ದಿನಾ ಒಬ್ಬಳೇ ಮಾಡುತ್ತೇನೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಚಕ್ರಗಳಿಗೆ ಮರದ ತುಂಡು ಕೊಟ್ಟು ಭದ್ರ ಮಾಡಿದ್ದನ್ನೂ ಹೇಳಲಿಲ್ಲ.

ಅಪ್ಪ ಒಳಗೆ ಹತ್ತಿ ಇಂಜಿನ್ ಶುರುಮಾಡಿದ. ಚಿಕ್ಕಪ್ಪ ಬಾನೆಟ್ ಎತ್ತಿ, ಪಕ್ಕದಲ್ಲಿ ನಿಲ್ಲುವುದು ಬಿಟ್ಟು, ಗಾಡಿಯ ಎದುರಿಗೇ ನಿಂತ. ಅಪ್ಪನ ಕೈ ಗೇರಿನ ಹಿಡಿಯ ಮೇಲೆಯೇ ನಿಂತುಹೋಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

"ಲೋ, ಪಕ್ಕಕ್ಕೆ ಸರಿಯೋ! ಗಾಡಿ ಮುಂದೆ ಯಾಕೋ ನಿಂತಿದೀಯ?"

"ಬ್ರೇಕ್ ತುಳಿದಿರೋದು ನೀನೇ ತಾನೆ, ಅಣ್ಣ?"

"ನಾನೇ."

"ಮತ್ತೆ ಇನ್ನೇನು? ಹಾಕು ಗೇರು."

ಅಪ್ಪ ಎರಡೂ ಕಾಲುಗಳಿಂದ ಬ್ರೇಕನ್ನು ತುಳಿದು ಹಿಡಿದು, ಗೇರು ಹಾಕಿದ.